ಸೂರ್‌ನಲ್ಲೊಂದು ಸೂರು: ಕರಾರು ಯಾರ ಹೆಸರಿನಲ್ಲಿದೆ?

ಮಸ್ಕತ್‌ನಿಂದ ಕಡಲಂಚಿನ ಹೆದ್ದಾರಿ ಹಿಡಿದು ಆಗ್ನೇಯ ದಿಕ್ಕಿಗೆ ಸುಮಾರು ಇನ್ನೂರು ಕಿಲೋಮೀಟರ್ ಬಂದರೆ ಸಿಗುವ ಊರು ಸೂರ್. ‘ಸೂರ್‌ನಲ್ಲಿದ್ದೇನೆ’ ಎಂದು ಮೊದಲ ಸಲ ಮನೆಗೆ ಫೋನ್ ಮಾಡಿದ ನಮ್ಮಲ್ಲಿ ಬಹಳ ಜನರಿಗೆ ಆ ಕಡೆಯಿಂದ ಬಂದ ಉತ್ತರ ಒಂದೇ: ‘ಸೂರು ಸಿಕ್ಕಿತಲ್ಲ, ಸಾಕು. ಊರು ಯಾವುದು ಹೇಳು.’ ಈ ತಮಾಷೆ ಹಳತಾಯಿತು. ಆದರೆ ಸಿಕ್ಕಿದ ಸೂರು ಯಾರ ಹೆಸರಿನಲ್ಲಿದೆ ಎಂದು ಕೇಳಿದವರು ಕಡಿಮೆ. ಸಂಬಳ ಎಷ್ಟು, ಊಟಕ್ಕೇನು, ರಜೆ ಯಾವಾಗ, ಇಷ್ಟಕ್ಕೆ ಊರಿನವರ ವಿಚಾರಣೆ ಮುಗಿಯುತ್ತದೆ. ಉಳಿದ ಆ ಒಂದು ಪ್ರಶ್ನೆಯನ್ನು ಈ ವಾರ ಎತ್ತಿಕೊಂಡಿದ್ದೇವೆ.

ಸೂರ್ ಮರದ ಹಡಗು ಕಟ್ಟುವವರ ಹಳೆಯ ಊರು. ಹಡಗಿಗೆ ಬೇಕಾದ ತೇಗ ನಮ್ಮ ಪಶ್ಚಿಮ ಕರಾವಳಿಯಿಂದ ಬರುತ್ತಿತ್ತು. ಈಗ ಊರಿನ ಅನ್ನ ಬೇಯುವುದು ಅನಿಲದ ಮೇಲೆ. ಪಕ್ಕದ ಖಲ್ಹಾತ್‌ನ ಎಲ್‌ಎನ್‌ಜಿ ಸ್ಥಾವರದಿಂದ ಮೊದಲ ಹಡಗು ಹೊರಟಿದ್ದು 2000ದಲ್ಲಿ. ಇಫ್ಕೊ ಮತ್ತು ಕ್ರಿಬ್ಕೊ ಪಾಲುದಾರರಾಗಿರುವ ಒಮಾನ್ ಇಂಡಿಯಾ ಗೊಬ್ಬರದ ಕಾರ್ಖಾನೆ ಯೂರಿಯಾ ತಯಾರಿ ಶುರು ಮಾಡಿದ್ದು 2005ರಲ್ಲಿ. ಈ ದೊಡ್ಡ ಕಂಪನಿಗಳ ಸುತ್ತ ಸಣ್ಣ ಗುತ್ತಿಗೆದಾರರು, ಗ್ಯಾರೇಜ್‌ಗಳು, ಹೋಟೆಲ್‌ಗಳು, ಸೂಪರ್ ಮಾರ್ಕೆಟ್‌ಗಳು, ಟೈಲರ್ ಅಂಗಡಿಗಳು. ದೊಡ್ಡ ಕಂಪನಿಯವರಿಗೆ ಕ್ವಾರ್ಟರ್ಸೋ ಕ್ಯಾಂಪೋ ಇರುತ್ತದೆ. ಸಣ್ಣ ಕಡೆ ದುಡಿಯುವವರಿಗೆ ಹಲವು ಬಾರಿ ಸಿಗುವುದು ಸಂಬಳದ ಜತೆ ಒಂದಿಷ್ಟು ‘ರೂಮ್ ಅಲೋವೆನ್ಸ್’. ಉಳಿದದ್ದು ಅವರವರ ಪಾಡು. ಹಾಗಾಗಿ ಕುಂದಾಪುರ, ಭಟ್ಕಳ, ಪುತ್ತೂರು, ಕಲಬುರಗಿ ಎಂದು ಊರು ನೋಡಿಕೊಂಡು, ಭಾಷೆ ನೋಡಿಕೊಂಡು, ಆರೋ ಎಂಟೋ ಜನ ಸೇರಿ ಒಂದು ಹಳೆಯ ಮನೆ ಹಿಡಿಯುತ್ತಾರೆ. ಅದನ್ನೇ ನಾವು ‘ರೂಮ್’ ಎನ್ನುವುದು. ಮೂರು ಕೋಣೆ, ಒಂದು ಅಡುಗೆಮನೆ, ತಾರಸಿಯ ಮೇಲೆ ನೀರಿನ ಟ್ಯಾಂಕ್ ಇದ್ದರೂ ಅದು ‘ರೂಮ್’ ಮಾತ್ರ. ಮನೆ ಎಂದರೆ ಊರಿನದು.

ಈ ರೂಮ್‌ಗಳ ಬಗ್ಗೆ ಈಗ ಬರೆಯಲು ಕಾರಣವಿದೆ. 2024ರ ಜೂನ್ 12ರ ನಸುಕಿನಲ್ಲಿ ಕುವೈತ್‌ನ ಮಂಗಾಫ್‌ನಲ್ಲಿ ಕಾರ್ಮಿಕರು ವಾಸವಿದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. 45 ಭಾರತೀಯರ ಶವಗಳನ್ನು ಹೊತ್ತ ವಾಯುಪಡೆಯ ವಿಮಾನ ಎರಡು ದಿನಗಳ ಬಳಿಕ ಕೊಚ್ಚಿಯಲ್ಲಿ ಇಳಿಯಿತು. ಸತ್ತವರಲ್ಲಿ ಕಲಬುರಗಿ ಜಿಲ್ಲೆಯವರೊಬ್ಬರೂ ಇದ್ದರು. ನೆಲಮಹಡಿಯ ಕಾವಲುಗಾರನ ಕೋಣೆಯಲ್ಲಿ ವಿದ್ಯುತ್ ಶಾರ್ಟ್ ಸರ್ಕ್ಯೂಟ್ ಆಯಿತು, ಕೋಣೆಗಳ ನಡುವಿನ ಅಡ್ಡಗೋಡೆಗೆ ಬೇಗ ಹೊತ್ತಿಕೊಳ್ಳುವ ವಸ್ತು ಬಳಸಿದ್ದರು, ತಾರಸಿಯ ಬಾಗಿಲಿಗೆ ಬೀಗ ಬಿದ್ದಿತ್ತು ಎಂದು ತನಿಖೆಯಲ್ಲಿ ಹೊರಬಂತು. ಅದು ಯಾರೋ ಹುಡುಗರು ಹಿಡಿದ ರೂಮ್ ಅಲ್ಲ, ಕಂಪನಿಯೇ ಬಾಡಿಗೆಗೆ ಹಿಡಿದ ಕಟ್ಟಡ. ಮರುವರ್ಷ, 2025ರ ಜೂನ್‌ನಲ್ಲಿ, ದುಬೈ ನಗರಾಡಳಿತ ಪ್ಲೈವುಡ್, ಜಿಪ್ಸಮ್ ಹಲಗೆ ನಿಲ್ಲಿಸಿ ಕೋಣೆಯೊಳಗೆ ಕೋಣೆ ಮಾಡಿದ ‘ಪಾರ್ಟಿಷನ್’ ಮನೆಗಳ ಮೇಲೆ ಕ್ರಮಕ್ಕೆ ಇಳಿಯಿತು. ಸಾವಿರಾರು ಜನ ಒಮ್ಮೆಲೇ ಬೇರೆ ಜಾಗ ಹುಡುಕಬೇಕಾಯಿತು. ಸೂರ್ ದುಬೈ ಅಲ್ಲ, ಇಲ್ಲಿ ಅಷ್ಟು ಇಕ್ಕಟ್ಟಿಲ್ಲ. ಆದರೆ ಪಾರ್ಟಿಷನ್ ಹಲಗೆ ಇಲ್ಲಿನ ಅಂಗಡಿಗಳಲ್ಲೂ ಸಿಗುತ್ತದೆ.

ಬೆಂಕಿಯ ಮಾತಿಗೆ ಮತ್ತೆ ಬರುತ್ತೇವೆ. ಮೊದಲು ಕಾಗದದ ಮಾತು. ಬೆಂಕಿ ಎಲ್ಲೋ ಒಮ್ಮೆ ಬೀಳುತ್ತದೆ. ಕಾಗದದ ತಪ್ಪು ಪ್ರತಿ ರೂಮ್‌ನಲ್ಲೂ ಇದೆ, ನಾವಿದ್ದ ರೂಮ್‌ನಲ್ಲೂ ಇತ್ತು.

ಕುಟುಂಬವನ್ನು ಕರೆಸಿಕೊಳ್ಳುವ ಮೊದಲು ನಾವು ಇಂಥದೇ ಒಂದು ಮನೆಯಲ್ಲಿ ಎಂಟು ಜನರ ಜತೆ ಇದ್ದೆವು. ತಿಂಗಳಿಗೆ 160 ರಿಯಾಲ್ ಬಾಡಿಗೆ, ತಲೆಗೆ 20. ಒಂದು ರಿಯಾಲ್ ಎಂದರೆ ಇನ್ನೂರು ರೂಪಾಯಿಗೂ ಮೇಲೆ ಎಂಬುದು ಊರಿನವರಿಗೆ ಬಾಯಿಪಾಠ. ಮೆಸ್ಸಿನ ಪುಸ್ತಕ ನಮ್ಮ ಕೈಯಲ್ಲಿತ್ತು. ಲೆಕ್ಕ ಓದಿದವರು ಎಂಬ ತಪ್ಪಿಗೆ ಆ ಕೆಲಸ ನಮ್ಮ ತಲೆಗೆ ಬಿದ್ದಿತ್ತು. ಈರುಳ್ಳಿ, ಬಂಗುಡೆ, ಕುಚ್ಚಲಕ್ಕಿ, ಗ್ಯಾಸ್, ಎಲ್ಲ ಬೈಸದ ಮಟ್ಟಕ್ಕೆ ಬರೆದಿಟ್ಟಿದ್ದೆವು. ಯಾರು ಎಷ್ಟು ದಿನ ಊಟಕ್ಕಿರಲಿಲ್ಲ ಎಂಬುದೂ ಅದರಲ್ಲಿತ್ತು. ಬರೆಯದೆ ಬಿಟ್ಟದ್ದು ಒಂದೇ. ಬಾಡಿಗೆ ಕರಾರು ನಮ್ಮೆಲ್ಲರಿಗಿಂತ ಹಿರಿಯರಾದ ಒಬ್ಬರ ಹೆಸರಿನಲ್ಲಿತ್ತು. ಎಲ್ಲರೂ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆವು. ಮೂರು ತಿಂಗಳಿಗೊಂದರಂತೆ 480 ರಿಯಾಲ್‌ನ ನಾಲ್ಕು ಚೆಕ್‌ಗಳಿಗೆ ಮುಂದಿನ ದಿನಾಂಕ ಹಾಕಿ ಅವರೇ ಸಹಿ ಮಾಡಿ ಕೊಟ್ಟಿದ್ದರು.

2021ರ ಜನವರಿಯಿಂದ ಒಮಾನ್‌ನಲ್ಲಿ ಕೆಲಸ ಬದಲಿಸಲು ಹಳೆಯ ಮಾಲೀಕನ ಎನ್‌ಒಸಿ ಬೇಕೆಂಬ ನಿಯಮ ಹೋಯಿತು. ಕಾರ್ಮಿಕರಿಗೆ ಅದು ದೊಡ್ಡ ಬಿಡುಗಡೆ, ಎರಡು ಮಾತಿಲ್ಲ. ಕರಾರು ಮುಗಿದವರು ಸೊಹಾರ್‌ಗೋ ದುಕಮ್‌ಗೋ ಹೋಗುವುದು ಸುಲಭವಾಯಿತು. ಅದೇ ಕಾರಣಕ್ಕೆ ರೂಮ್‌ನಲ್ಲಿ ಜನ ನಿಲ್ಲುವುದು ಕಡಿಮೆಯಾಯಿತು. ಮರುವರ್ಷ ನಮ್ಮ ರೂಮ್‌ನಿಂದ ಮೂವರು ಒಂದೇ ತಿಂಗಳಲ್ಲಿ ಹೊರಟರು. ಉಳಿದ ಐವರು ತಮ್ಮ ಪಾಲಿನ 60 ರಿಯಾಲ್‌ನಂತೆ 300 ಕೊಟ್ಟರು. ಕಡಿಮೆ ಬಿದ್ದದ್ದು 180. ಆದರೆ ಬ್ಯಾಂಕ್ ವಾಪಸ್ ಕಳಿಸಿದ ಚೆಕ್ 180ರದ್ದಲ್ಲ, ಇಡೀ 480ರದ್ದು. ಕಡಿಮೆ ಬಿದ್ದದ್ದು ಮೂವರ ಪಾಲು, ಆರೋಪಿಯಾದದ್ದು ಮಾತ್ರ ಸಹಿ ಹಾಕಿದ ಒಬ್ಬರು. ಹಣವಿಲ್ಲದ ಚೆಕ್ ಕೊಡುವುದು ಇಲ್ಲಿನ ದಂಡಸಂಹಿತೆಯಲ್ಲಿ ಅಪರಾಧ.

ದೂರು ದಾಖಲಾದದ್ದು ಅಣ್ಣನಿಗೆ ಸರಿಯಾಗಿ ತಿಳಿದೇ ಇರಲಿಲ್ಲ. ಜುಲೈನಲ್ಲಿ ಅವರ ತಾಯಿ ತೀರಿಕೊಂಡರು. ರಾತ್ರಿಯೇ ಟಿಕೆಟ್ ಮಾಡಿ ಮಸ್ಕತ್‌ಗೆ ಓಡಿದರು. ಇಮಿಗ್ರೇಷನ್ ಕೌಂಟರ್‌ನಲ್ಲಿ ಬತಾಕಾ ನೋಡಿದವರು ದೇಶ ಬಿಡುವಂತಿಲ್ಲ ಎಂದರು. ಹಣ ಒಟ್ಟು ಮಾಡಲು ನಮಗೆ ಮೂರು ದಿನ ಸಾಕಾಯಿತು. ಆದರೆ ದೂರು ಹಿಂತೆಗೆದುಕೊಳ್ಳಬೇಕಾದ ಮನೆ ಮಾಲೀಕರು ಮಳೆ ನೋಡಲು ಸಲಾಲಕ್ಕೆ ಹೋಗಿದ್ದರು. ಅವರು ಬಂದು, ಸಹಿ ಮಾಡಿ, ಹೆಸರು ಪಟ್ಟಿಯಿಂದ ತೆಗೆಯುವಷ್ಟರಲ್ಲಿ ಎರಡು ವಾರ ದಾಟಿತು. ಅಣ್ಣ ಊರು ಮುಟ್ಟಿದ್ದು ಹದಿನೆಂಟನೆಯ ದಿನ. ದಹನಕ್ಕಂತೂ ಇಲ್ಲ, ಬೊಜ್ಜಕ್ಕೂ ಸಿಗಲಿಲ್ಲ. ಹಗಲಿಡೀ ಕಂಪನಿಯ ಬಾಕಿ, ಹೊಣೆಗಾರಿಕೆ ಎಂದು ಪಟ್ಟಿ ಮಾಡುವ ನಾವು, ನಮ್ಮದೇ ಮನೆಯ ಹೊಣೆಗಾರಿಕೆಯನ್ನು ಒಬ್ಬರ ಹೆಗಲಿಗೆ ಹಾಕಿ ಈರುಳ್ಳಿ ಲೆಕ್ಕ ಬರೆಯುತ್ತ ಕೂತಿದ್ದೆವು.

ಇಲ್ಲಿನ ಕಾನೂನು ಏನು ಹೇಳುತ್ತದೆ? ಮನೆ ಮಾಲೀಕ ಮತ್ತು ಬಾಡಿಗೆದಾರರ ಸಂಬಂಧಕ್ಕೆ 1989ರ ರಾಜಾಜ್ಞೆ (6/89) ಆಧಾರ. ಕರಾರು ಬರಹದಲ್ಲಿರಬೇಕು, ಬಲದಿಯಾದಲ್ಲಿ, ಅಂದರೆ ನಗರಸಭೆಯಲ್ಲಿ, ನೋಂದಣಿಯಾಗಬೇಕು. ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದೆ ಒಳಬಾಡಿಗೆಗೆ ಕೊಡುವಂತಿಲ್ಲ. ಈಗ ರೂಮ್‌ಗಳನ್ನು ಈ ಕಣ್ಣಿನಿಂದ ನೋಡಿ. ಒಬ್ಬನ ಹೆಸರಿನಲ್ಲಿ ಕರಾರು, ಉಳಿದ ಏಳು ಜನ ಅವನಿಗೆ ಹಣ ಕೊಟ್ಟು ಇರುವುದು. ನಮಗೆ ಅದು ಹಂಚಿಕೆ, ಸ್ನೇಹ. ಕಾಗದ ಓದುವವರಿಗೆ ಅದು ಒಳಬಾಡಿಗೆ. ಏಳು ಜನರಿಗೆ ಆ ಮನೆಯ ಮೇಲೆ ಹಕ್ಕಿಲ್ಲ, ಒಬ್ಬನಿಗೆ ಏಳು ಜನರ ಮೇಲೆ ಹಿಡಿತವಿಲ್ಲ.

ಹಾಗಿದ್ದರೆ ಒಂದು ಮನೆ ಕೊಂಡುಬಿಟ್ಟರೆ? ನಮ್ಮ ಹುಡುಗರು ಕೇಳುವ ಪ್ರಶ್ನೆ ಇದು. ಸರ್ಕಾರ ಗುರುತಿಸಿದ ಪ್ರವಾಸಿ ಸಂಕೀರ್ಣಗಳಂಥ ಕೆಲವೆಡೆ ಬಿಟ್ಟರೆ ವಿದೇಶಿಯರು ಇಲ್ಲಿ ಮನೆ ಕೊಳ್ಳಲಾಗದು. ಸಂಘ ಕಟ್ಟಿ ಅದರ ಹೆಸರಿನಲ್ಲಿ ಹಿಡಿಯೋಣವೆಂದರೆ, ಸಂಘ ಕಟ್ಟುವುದೂ ಸಾಮಾಜಿಕ ಅಭಿವೃದ್ಧಿ ಸಚಿವಾಲಯದ ಅನುಮತಿಯ ವಿಷಯ. ಸೂರ್‌ನಲ್ಲಿ ಇಂಡಿಯನ್ ಸೋಶಿಯಲ್ ಕ್ಲಬ್ ಇದೆ. ಹಬ್ಬ, ಕ್ರೀಡೆ, ಸಂಕಟದ ಹೊತ್ತಿನ ನೆರವು ಎಲ್ಲ ಅದರ ಮೂಲಕ ನಡೆಯುತ್ತದೆ. ಆದರೆ ಎಂಟು ಜನರ ರೂಮ್ ಹಿಡಿದುಕೊಡುವುದು ಕ್ಲಬ್‌ನ ಕೆಲಸವಲ್ಲ.

ಒಟ್ಟಾಗಿ ಮನೆ ನಡೆಸುವ ಕಲೆ ನಮ್ಮವರಿಗೆ ಹೊಸತೇನಲ್ಲ. ಮುಂಬೈಯ ಧೋಬಿ ತಲಾವ್, ಮಜಗಾಂವ್ ಕಡೆ ಗೋವಾದವರ ‘ಕುಡ್’ಗಳಿದ್ದವು, ಕೆಲವು ಈಗಲೂ ಇವೆ. ಒಂದೊಂದು ಹಳ್ಳಿಗೆ ಒಂದೊಂದು ಕುಡ್. ಹಡಗಿನ ಕೆಲಸದವರು ಸಮುದ್ರಕ್ಕೆ ಹೋದಾಗ ಟ್ರಂಕನ್ನು ಅಲ್ಲಿ ಬಿಟ್ಟು ಹೋಗುತ್ತಿದ್ದರು, ವರ್ಷದ ಮೇಲೆ ಬಂದರೆ ಟ್ರಂಕು ಅಲ್ಲೇ ಇರುತ್ತಿತ್ತು. ಇರುವ ಜನ ಬದಲಾಗುತ್ತಿದ್ದರು, ಕುಡ್ ಮಾತ್ರ ಹಳ್ಳಿಯದು. ಕನ್ನಡಿಗರೂ ತುಳುವರೂ ಅದೇ ನಗರದಲ್ಲಿ ಸಂಸ್ಥೆ ಕಟ್ಟಿದರು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು, ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರದ್ದು, ಬಂಟರ ಸಂಘ 1927ರದ್ದು. ಕೊಲ್ಲಿಯಲ್ಲೇ ನೋಡುವುದಾದರೆ ಬಹರೈನ್ ಕನ್ನಡ ಸಂಘಕ್ಕೆ ಸ್ವಂತ ಕನ್ನಡ ಭವನವಿದೆ. ಮಕ್ಕಳು ಅಮೆರಿಕದಲ್ಲಿ ಓದುತ್ತಿರುವ ಓದುಗರಿಗೆ ಇನ್ನೊಂದು ಉದಾಹರಣೆ ಗೊತ್ತಿರಬಹುದು. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಗ್ರೀಕ್ ಅಕ್ಷರದ ಹೆಸರಿಟ್ಟುಕೊಂಡ ಫ್ರೆಟರ್ನಿಟಿ ಎಂಬ ವಿದ್ಯಾರ್ಥಿ ಕೂಟಗಳು ದೊಡ್ಡ ಮನೆಗಳಲ್ಲಿ ಒಟ್ಟಿಗೆ ವಾಸಿಸುತ್ತವೆ. ಅವರ ಪಾರ್ಟಿಗಳ ಸುದ್ದಿ ಎಲ್ಲರಿಗೂ ಗೊತ್ತು. ಮನೆಯ ಕಾಗದ ಬಹಳ ಕಡೆ ಆ ಹುಡುಗರ ಹೆಸರಿನಲ್ಲಿ ಇರುವುದಿಲ್ಲ, ಓದು ಮುಗಿಸಿ ಹೋದ ಹಳೆಯ ವಿದ್ಯಾರ್ಥಿಗಳು ನೋಂದಾಯಿಸಿದ ಬೇರೆಯೇ ಒಂದು ಸಂಸ್ಥೆಯ ಹೆಸರಿನಲ್ಲಿರುತ್ತದೆ ಎಂಬುದು ಅಷ್ಟು ಗೊತ್ತಿಲ್ಲ. ಹುಡುಗ ನಾಲ್ಕು ವರ್ಷಕ್ಕೆ ಹೋಗುತ್ತಾನೆ. ಛಾವಣಿ ಸೋರಿದರೆ ರಿಪೇರಿಗೆ ಹಣ ಎತ್ತಿಡುವವರು, ವಿಮೆ ಕಟ್ಟುವವರು ಆ ಹಳಬರು.

ಕುಡ್ ಆಗಲಿ ಫ್ರೆಟರ್ನಿಟಿ ಮನೆಯಾಗಲಿ ಉಳಿದದ್ದು ಮನೆಯೊಳಗೆ ಇರುವವರು ಬೇರೆ, ಹೊಣೆ ಹೊರುವವರು ಬೇರೆ ಆದದ್ದರಿಂದ. ಸೂರ್‌ನ ರೂಮ್‌ಗೆ ಅಂಥ ಹಳಬರು ಯಾರು? ವೀಸಾ ಮುಗಿದ ದಿನ ನಾವೆಲ್ಲ ಇಲ್ಲಿಂದ ಹೊರಡುವವರೇ. ಹುಡುಕಿದರೆ ಬದಲಾಗದೆ ಉಳಿಯುವವರು ಒಬ್ಬರೇ: ಊರಿನಲ್ಲಿರುವ ಮನೆಯವರು. ರೂಮ್‌ನ ಎಂಟು ಹುಡುಗರ ಅಪ್ಪಂದಿರು ಒಂದೇ ಸಂತೆಗೆ ಹೋಗುವವರಾಗಿರುತ್ತಾರೆ, ಇಲ್ಲವೇ ಒಬ್ಬರ ಮಾತಿನಿಂದ ಇನ್ನೊಬ್ಬರ ಮಗ ಇಲ್ಲಿಗೆ ಬಂದಿರುತ್ತಾನೆ. ಪಾಲು ಕೊಡದೆ ಹೋದವನಿಗೆ ಇಲ್ಲಿನ ನೋಟಿಸ್ ತಲುಪುವ ಮೊದಲು ಅವನ ತಾಯಿಗೆ ಹೋದ ಫೋನ್ ಕೆಲಸ ಮಾಡುತ್ತದೆ. ನಮ್ಮ ಅಣ್ಣನ ಪ್ರಕರಣದಲ್ಲೂ ಹೊರಟ ಮೂವರಲ್ಲಿ ಇಬ್ಬರ ಹಣ ಬಂದದ್ದು ಊರಿನಿಂದಲೇ, ಅವರಪ್ಪಂದಿರ ಕೈಯಿಂದ. ಮೂರನೆಯವನ ಮನೆಯವರು ‘ನಮಗೇನೂ ಗೊತ್ತಿಲ್ಲ’ ಎಂದರು. ಅವರು ಸುಳ್ಳು ಹೇಳಲಿಲ್ಲ. ಅವರಿಗೆ ಯಾರೂ ಏನೂ ಹೇಳಿರಲಿಲ್ಲ.

ಹಾಗಾದರೆ ಏನನ್ನು ಬರೆದಿಡಬೇಕು? ಎಲ್ಲಕ್ಕಿಂತ ಒಳ್ಳೆಯದು, ಕರಾರನ್ನು ಕಂಪನಿಯ ಹೆಸರಿನಲ್ಲಿ ಮಾಡಿಸುವುದು. ಅಲೋವೆನ್ಸ್ ಕೊಡುವ ಬದಲು ಬಾಡಿಗೆಯನ್ನು ಕಂಪನಿಯೇ ಕಟ್ಟಲಿ ಎಂದು ಕೇಳಿದರೆ ಸಣ್ಣ ಮಾಲೀಕರಲ್ಲೂ ಕೆಲವರು ಒಪ್ಪುತ್ತಾರೆ, ಕೇಳುವವರೇ ಇಲ್ಲ. ಆಗದಿದ್ದರೆ ಕರಾರಿನಲ್ಲಿ ಎರಡು ಮೂರು ಹೆಸರು ಸೇರಿಸಿ, ಎಂಟು ಜನ ಇರುತ್ತಾರೆಂದು ಮಾಲೀಕರಿಂದ ಬರಹದಲ್ಲೇ ಒಪ್ಪಿಗೆ ಪಡೆಯಬೇಕು. ಮೂರು ತಿಂಗಳ ಚೆಕ್ಕಿಗಿಂತ ತಿಂಗಳ ಚೆಕ್ ಮೇಲು. ಮಾಲೀಕರು ಇದಕ್ಕೆ ಸುಲಭಕ್ಕೆ ಒಪ್ಪುವುದಿಲ್ಲ ನಿಜ, ಆದರೆ 160ರ ಚೆಕ್ ತಪ್ಪುವುದಕ್ಕೂ 480ರದ್ದು ತಪ್ಪುವುದಕ್ಕೂ ಎಷ್ಟು ವ್ಯತ್ಯಾಸವೆಂದು ನಾವು ಕಂಡಿದ್ದೇವೆ. ಇದರ ಜತೆಗೆ ರೂಮ್‌ನವರೊಳಗೇ ಒಂದು ಕಾಗದ, ಕನ್ನಡದಲ್ಲಿ. ಇಲ್ಲಿನ ನ್ಯಾಯಾಲಯದ ಭಾಷೆ ಅರಬ್ಬಿ, ಹಾಗಾಗಿ ಈ ಕಾಗದ ಕೋರ್ಟಿಗಲ್ಲ, ಊರಿಗೆ. ಬಿಡುವವನು ಎಷ್ಟು ಮೊದಲು ಹೇಳಬೇಕು, ಬದಲಿ ಮನುಷ್ಯ ಸಿಗುವವರೆಗೆ ಅವನ ಪಾಲು ಯಾರದು, ಮುಂಗಡ ಹಣದಲ್ಲಿ ಅವನಿಗೆ ವಾಪಸ್ ಬರುವುದೆಷ್ಟು, ಇಷ್ಟು ಬರೆದು ಎಂಟು ಸಹಿ ಹಾಕಿ ಎಂಟು ಮನೆಗಳಿಗೆ ಫೋಟೊ ಕಳಿಸಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಇನ್ನು ದುರಸ್ತಿ. ದಿನದ ಲೆಕ್ಕದಲ್ಲಿ ನಮ್ಮ ಹುಡುಗರು ಗಟ್ಟಿಗರು, ವರ್ಷದ ಲೆಕ್ಕದಲ್ಲಿ ಎಡವುತ್ತಾರೆ. ಎಸಿ ಏಳೆಂಟು ವರ್ಷಕ್ಕೆ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಆದರೆ ಹೋಗುವುದು ಯಾವಾಗಲೂ ಜೂನ್‌ನಲ್ಲೇ. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದೆಂದು ಸರ್ಕಾರವೇ ಆದೇಶ ಮಾಡಿರುವ ದೇಶ ಇದು. ಆ ಮೂರು ಗಂಟೆ ಬಂದು ಮಲಗುವ ಕೋಣೆಯಲ್ಲಿ ಎಸಿ ಇಲ್ಲವೆಂದರೆ ಆ ಆದೇಶ ಇದ್ದೇನು? ಆಗ ಕೈಯಲ್ಲಿ ಹಣವಿರುವುದಿಲ್ಲ. ಒಬ್ಬ ಮುಂದಿನ ತಿಂಗಳು ಊರಿಗೆ ಹೋಗುವವನು, ‘ನಾನ್ಯಾಕೆ ಕೊಡಲಿ’ ಎನ್ನುತ್ತಾನೆ. ಇನ್ನೊಬ್ಬ ನಿನ್ನೆ ಬಂದವನು, ಅವನದೂ ಅದೇ ಮಾತು. ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಏಳು ವರ್ಷ ತಂಪು ಗಾಳಿ ಕುಡಿದವರು ಬೇರೆ, ಬಿಲ್ ಕಟ್ಟುವವರು ಬೇರೆ. ಕಂಪನಿ ಲೆಕ್ಕದಲ್ಲಿ ಇದಕ್ಕೆ ಸವಕಳಿ ಎನ್ನುತ್ತೇವೆ, ವಸ್ತು ಸವೆದಷ್ಟನ್ನು ಆಯಾ ವರ್ಷವೇ ಖರ್ಚು ಹಾಕುವುದು. ರೂಮ್‌ನಲ್ಲೂ ತಲೆಗೆ ತಿಂಗಳಿಗೆ ಎರಡು ರಿಯಾಲ್ ಬೇರೆಯೇ ಎತ್ತಿಟ್ಟರೆ ಎಂಟು ಜನರಿಗೆ ವರ್ಷಕ್ಕೆ 192 ರಿಯಾಲ್ ಆಗುತ್ತದೆ. ಒಂದು ಎಸಿ, ಒಂದು ವಾಟರ್ ಪಂಪ್, ಒಳಚರಂಡಿ ಇಲ್ಲದ ಕಡೆ ಗುಂಡಿ ಖಾಲಿ ಮಾಡಿಸುವ ಟ್ಯಾಂಕರ್, ಇಷ್ಟಕ್ಕೆ ಸಾಕು. ಬಿಟ್ಟು ಹೋಗುವವನಿಗೆ ಇದು ವಾಪಸ್ ಇಲ್ಲ ಎಂಬುದನ್ನು ಮೊದಲೇ ಹೇಳಬೇಕು. ಅವನು ಬಳಸಿ ಮುಗಿಸಿದ್ದಕ್ಕೆ ಕೊಟ್ಟ ಹಣ ಅದು.

ಈ ನಿಧಿ ರೂಮ್‌ನೊಳಗಿನದೇ ಆಗಿರಲಿ ಎಂದು ಒತ್ತಿ ಹೇಳುತ್ತೇವೆ. ಯಾರಿಗೋ ಆಪರೇಷನ್ ಎಂದರೆ ನಮ್ಮವರ ಕೈ ಕೂಡಲೇ ವಾಟ್ಸ್‌ಆ್ಯಪ್‌ಗೆ ಹೋಗುತ್ತದೆ, ಖಾತೆ ಸಂಖ್ಯೆ ಹಾಕಿ ‘ದಯವಿಟ್ಟು ಶೇರ್ ಮಾಡಿ’ ಎಂದು ಬರೆಯುತ್ತಾರೆ. ಅನುಮತಿಯಿಲ್ಲದೆ ಸಾರ್ವಜನಿಕರಿಂದ ಹಣ ಎತ್ತುವುದು ಒಮಾನ್‌ನಲ್ಲಿ ಶಿಕ್ಷಾರ್ಹ. ಒಳ್ಳೆಯ ಮನಸ್ಸು ಅದಕ್ಕೆ ರಿಯಾಯಿತಿ ತರುವುದಿಲ್ಲ. ಅಂಥ ಸಂಕಟಕ್ಕೆ ರಾಯಭಾರ ಕಚೇರಿಗಳಲ್ಲಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಇಸಿಆರ್ ಪಾಸ್‌ಪೋರ್ಟ್‌ನಲ್ಲಿ ಬಂದವರಿಗೆ ಪ್ರವಾಸಿ ಭಾರತೀಯ ವಿಮೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ ಕಂತು, ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತ ಅಂಗವಿಕಲರಾದರೆ 10 ಲಕ್ಷ ರೂಪಾಯಿ. ಬಂದು ಮೂರನೆಯ ವರ್ಷವಾದವರು ಅದನ್ನು ನವೀಕರಿಸಿದ್ದಾರೆಯೇ ಎಂದು ಕೇಳಿದರೆ ಬಹುತೇಕರು ನಮ್ಮ ಮುಖ ನೋಡುತ್ತಾರೆ. ಪಾಲಿಸಿಯ ಕಾಗದ ಇರಬೇಕಾದದ್ದು ಇಲ್ಲಿನ ಸೂಟ್‌ಕೇಸಿನಲ್ಲಲ್ಲ, ಊರಿನ ಕಪಾಟಿನಲ್ಲಿ.

ಈಗ ಬೆಂಕಿಯ ಮಾತು. ರೂಮ್ ನೋಡಲು ಹೋದರೆ ನಾವು ಮೊದಲು ನೋಡುವುದು ಅಡುಗೆಮನೆ. ಗ್ಯಾಸ್ ಕೊಳವೆ ಇಲ್ಲಿ ಮನೆಗಳಿಗಿಲ್ಲ, ಎಲ್ಲ ಸಿಲಿಂಡರ್. ಹೆಚ್ಚುವರಿ ಸಿಲಿಂಡರನ್ನು ಮೆಟ್ಟಿಲ ಕೆಳಗೆ ಇಡುವುದು ಅಭ್ಯಾಸವಾಗಿಬಿಟ್ಟಿದೆ. ಬೆಂಕಿ ಬಿದ್ದರೆ ಓಡಬೇಕಾದ ದಾರಿಯೂ ಅದೇ ಮೆಟ್ಟಿಲು. ಆಮೇಲೆ ಪ್ಲಗ್‌ಗಳು. ಒಂದು ಎಕ್ಸ್‌ಟೆನ್ಷನ್ ಬೋರ್ಡಿಗೆ ನಾಲ್ಕು ಫೋನ್, ಒಂದು ಇಸ್ತ್ರಿಪೆಟ್ಟಿಗೆ, ಒಂದು ಕೆಟಲ್. ಕಿಟಕಿಗೆ ಕಳ್ಳರ ಭಯಕ್ಕೆ ಸರಳು, ತಾರಸಿಯ ಬಾಗಿಲಿಗೆ ಮಾಲೀಕರ ಬೀಗ. ಮಂಗಾಫ್‌ನ ಸುದ್ದಿಯನ್ನು ಇದೇ ಹುಡುಗರು ಅಂದು ರಾತ್ರಿಯಿಡೀ ಫೋನ್‌ನಲ್ಲಿ ನೋಡಿದ್ದರು. ಮರುದಿನ ತಾರಸಿಯ ಕೀಲಿ ಕೇಳಲು ಯಾರೂ ಹೋಗಿರಲಿಲ್ಲ. ತಪ್ಪು ಅವರದು ಮಾತ್ರವೆಂದು ನಾವು ಹೇಳುವುದಿಲ್ಲ. ಕೀಲಿ ಕೇಳಿದರೆ ‘ಎಷ್ಟು ಜನ ಇದ್ದೀರಿ’ ಎಂಬ ಪ್ರಶ್ನೆ ಬರುತ್ತದೆ, ಕರಾರಿನಲ್ಲಿ ಇರುವುದು ಒಂದು ಹೆಸರು. ಕಾಗದ ಸರಿಯಿಲ್ಲದವನಿಗೆ ಕೀಲಿ ಕೇಳುವ ಬಾಯಿಯೂ ಇರುವುದಿಲ್ಲ.

ಆದ್ದರಿಂದ ಊರಿನ ಅಮ್ಮಂದಿರು, ಅಪ್ಪಂದಿರು, ಹೆಂಡತಿಯರು ಮುಂದಿನ ಶುಕ್ರವಾರದ ವಿಡಿಯೊ ಕರೆಯಲ್ಲಿ ಮಗನ, ಗಂಡನ ಮುಖ ನೋಡಿದ ಮೇಲೆ ಫೋನನ್ನು ಸ್ವಲ್ಪ ತಿರುಗಿಸಲು ಹೇಳಿ. ಅಡುಗೆಮನೆ ತೋರಿಸಲಿ, ಮಲಗುವ ಕೋಣೆಯ ಗೋಡೆ ಕಲ್ಲಿನದೋ ಹಲಗೆಯದೋ ತೋರಿಸಲಿ. ಕರಾರು ಯಾರ ಹೆಸರಿನಲ್ಲಿದೆ ಎಂದು ಕೇಳಿ, ಜತೆಗಿರುವವರ ಊರಿನ ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಕರಾರು ನಿಮ್ಮ ಮಗನ ಹೆಸರಿನಲ್ಲೇ ಇದ್ದರೆ ಅದನ್ನು ಹೆಮ್ಮೆ ಎಂದುಕೊಳ್ಳಬೇಡಿ. ಇನ್ನೊಬ್ಬರ ಮಗನ ಹೆಸರಿನಲ್ಲಿದ್ದರೆ ನಿಶ್ಚಿಂತೆ ಎಂದೂ ಅಲ್ಲ. ‘ಅದೆಲ್ಲ ನಿಮಗೆ ಗೊತ್ತಾಗುವುದಿಲ್ಲ’ ಎಂದು ಮಗ ಹೇಳಿದರೆ, ಅವನಿಗೂ ಗೊತ್ತಿಲ್ಲವೆಂದೇ ಲೆಕ್ಕ.

ಅಣ್ಣ ಊರಿನಿಂದ ವಾಪಸ್ ಬಂದು ಈಗಲೂ ಸೂರ್‌ನಲ್ಲೇ ಇದ್ದಾರೆ, ಬೇರೆ ರೂಮ್‌ನಲ್ಲಿ, ಹೊಸ ಹುಡುಗರ ಜತೆ. ಕಳೆದ ಶುಕ್ರವಾರ ಅಲ್ಲಿಗೆ ಊಟಕ್ಕೆ ಹೋಗಿದ್ದೆವು. ಕರಾರಿನಲ್ಲಿ ಈಗ ಮೂರು ಹೆಸರಿದೆ, ಬಾಗಿಲ ಹಿಂದೆ 9999 ಎಂಬ ತುರ್ತು ಸಂಖ್ಯೆ ದೊಡ್ಡದಾಗಿ ಬರೆದಿದೆ, ತಾರಸಿಯ ಬಾಗಿಲಿಗೆ ಬೀಗದ ಬದಲು ಒಳಗಿನ ಚಿಲಕ ಬಂದಿದೆ. ಎರಡು ರಿಯಾಲ್‌ನ ಡಬ್ಬಿಯಲ್ಲಿ 74 ರಿಯಾಲ್ ಇತ್ತು. ಹಾಲ್‌ನ ಎಸಿ ಸದ್ದು ಮಾಡುತ್ತಿದೆ, ಈ ಬೇಸಗೆ ದಾಟುವುದು ಅನುಮಾನ. ಮೇ ತಿಂಗಳೊಳಗೆ ಉಳಿದದ್ದು ಹೇಗೆ ಸೇರಿಸುವುದೆಂದು ಊಟದ ಮೇಲೆ ಅರ್ಧ ಗಂಟೆ ಚರ್ಚೆ ನಡೆಯಿತು.